ಭಾಷಣ ಯಾಕೆ ನಾಟುತ್ತದೆ, ಯಾಕೆ ಜಾರಿಹೋಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಾತಾಡಿದ್ದಕ್ಕಿಂತ ಬೇರೆಯವರ ಮಾತು ಕೇಳಿಸಿಕೊಂಡಿದ್ದೇ ಜಾಸ್ತಿ. ನಿರೂಪಣೆ ಮಾಡುವವರ ಪಾಡೇ ಅಷ್ಟು. ವೇದಿಕೆಯ ಪಕ್ಕದಲ್ಲಿ ನಿಂತು ಎಲ್ಲರ ಭಾಷಣವನ್ನೂ ಪೂರ್ತಿ ಕೇಳಬೇಕು, ಮಧ್ಯೆ ಎದ್ದು ಹೋಗುವ ಹಾಗಿಲ್ಲ. ಮೊದಲ ಸಲ ಮೈಕ್ ಹಿಡಿಯುವವರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಉತ್ತರಗಳಲ್ಲಿ ಕೆಲವು ಗಟ್ಟಿ ಸಂಗತಿ, ಕೆಲವು ನನ್ನ ಅಭಿಪ್ರಾಯ. ಅಭಿಪ್ರಾಯ ಒಪ್ಪದಿದ್ದರೆ ಜಗಳವಿಲ್ಲ.

ಭಾಷಣ ಚೆನ್ನಾಗಿ ಆಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಸಭೆ ಮುಗಿಸಿ ಹೊರಗೆ ಬರುವವರನ್ನು "ಏನು ಹೇಳಿದರು?" ಅಂತ ಕೇಳಿ ನೋಡಿ. "ತುಂಬಾ ಚೆನ್ನಾಗಿ ಮಾತಾಡಿದರು" ಅಂತ ಉತ್ತರ ಬಂದರೆ ಭಾಷಣ ಸೋತಿದೆ ಅಂತಲೇ ನನ್ನ ಲೆಕ್ಕ. ಅದು ಮಾತಾಡಿದವರ ಬಗ್ಗೆ ಬಂದ ಉತ್ತರ, ಮಾತಿನ ಬಗ್ಗೆ ಅಲ್ಲ. "ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟಲೇಬಾರದಂತೆ, ಮೊದಲು ಕಿಟಕಿ ತೆಗೀಬೇಕಂತೆ" ಅಂತ ಯಾರಾದರೂ ಹೇಳಿದರೆ ಆ ಭಾಷಣ ಗೆದ್ದಿದೆ. ಮಾತಾಡಿದವರ ಹೆಸರು ಅವರಿಗೆ ನೆನಪಿಲ್ಲದಿದ್ದರೂ ಗೆದ್ದಿದೆ.

ಚಪ್ಪಾಳೆ ನಂಬಬೇಡಿ. ಜನ ಮರ್ಯಾದೆಗೂ ಚಪ್ಪಾಳೆ ಹೊಡೆಯುತ್ತಾರೆ, ಸದ್ಯ ಮುಗಿಯಿತಲ್ಲ ಅನ್ನುವ ಸಮಾಧಾನಕ್ಕೂ ಹೊಡೆಯುತ್ತಾರೆ.

ಹಾಗಾದರೆ ಭಾಷಣ ಕೆಡುವುದು ಎಲ್ಲಿ? ವೇದಿಕೆ ಮೇಲಾ?

ಬಹಳ ಸಲ ಅಲ್ಲ. ವೇದಿಕೆ ಹತ್ತುವ ಮುಂಚೆಯೇ ಕೆಟ್ಟಿರುತ್ತದೆ. ಕೇಳುವವರ ತಲೆಯಲ್ಲಿ ಯಾವ ಒಂದು ಮಾತು ಉಳಿಯಬೇಕು ಅಂತ ತೀರ್ಮಾನ ಮಾಡದೆ ಎದ್ದು ನಿಂತಿರುತ್ತಾರೆ. ವಿಷಯ ಗೊತ್ತಿರುತ್ತದೆ, ಓದಿಕೊಂಡಿರುತ್ತಾರೆ, ದನಿಯೂ ಚೆನ್ನಾಗಿರುತ್ತದೆ. ಆದರೆ ಗೊತ್ತಿರುವುದನ್ನೆಲ್ಲ ಸುರಿಯುತ್ತಾರೆ. ಕೇಳುವವರು ಎರಡು ಬೊಗಸೆಯಲ್ಲಿ ಎಷ್ಟು ಹಿಡಿದಾರು?

ಇದನ್ನು ಪರೀಕ್ಷಿಸುವುದು ಸುಲಭ. ನಿಮ್ಮ ಭಾಷಣವನ್ನು ಒಂದೇ ವಾಕ್ಯದಲ್ಲಿ ಹೇಳಿ. "ಅಡುಗೆಮನೆಯ ಸುರಕ್ಷತೆ" ಅನ್ನುವುದು ವಾಕ್ಯವಲ್ಲ, ಅದು ಬರೀ ವಿಷಯ. "ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ತಂಗುತ್ತದೆ, ಅದಕ್ಕೇ ಕಿಡಿ ಹಾರಿಸಬೇಡಿ" ಅನ್ನುವುದು ವಾಕ್ಯ. ಅದು ಸಿಗುವ ತನಕ ಬರೆಯಲು ಕೂರಬೇಡಿ. ನನ್ನ ಅನುಭವದಲ್ಲಿ ಭಾಷಣದ ಅರ್ಧ ಕೆಲಸ ಇದೇ.

ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಆದರೂ ಜನಕ್ಕೆ ಅರ್ಥವಾಗುವುದಿಲ್ಲ. ಯಾಕೆ?

ನಿಮಗೆ ಸ್ಪಷ್ಟವಾಗಿರುವುದೇ ತೊಂದರೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಒಂದು ಚೆಂದದ ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು. ಎದುರಿಗೆ ಕೂತವರು ಅದು ಯಾವ ಹಾಡು ಅಂತ ಹೇಳಬೇಕು. ಎದುರಿನವರು ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಅಂತ ಬಡಿಯುವವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಬರೀ 3.

ಬಡಿಯುವವರ ತಲೆಯೊಳಗೆ ಹಾಡು ಪೂರ್ತಿ ಓಡುತ್ತಿರುತ್ತದೆ, ರಾಗ ಸಾಹಿತ್ಯ ಎಲ್ಲ ಸೇರಿ. ಎದುರಿಗೆ ಕೂತವರಿಗೆ ಕೇಳಿಸುವುದು ಟಕ್ ಟಕ್ ಸದ್ದು ಅಷ್ಟೇ. ವಿಷಯ ಚೆನ್ನಾಗಿ ಬಲ್ಲವರ ಭಾಷಣ ಅನೇಕ ಸಲ ಹೀಗೇ ಆಗುತ್ತದೆ. ಅದರಿಂದ ತಪ್ಪಿಸಿಕೊಳ್ಳುವ ದಾರಿ ಒಂದೇ: ಆ ವಿಷಯ ಗೊತ್ತಿಲ್ಲದ ಒಬ್ಬರ ಮುಂದೆ ಮೊದಲು ಹೇಳಿ, ಆಮೇಲೆ ಅವರು ಅದನ್ನೇ ನಿಮಗೆ ತಿರುಗಿ ಹೇಳಲಿ. "ಅರ್ಥವಾಯಿತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ.

ಎಷ್ಟು ಹೊತ್ತು ಮಾತಾಡಬೇಕು?

ಕೊಟ್ಟ ಹೊತ್ತಿಗಿಂತ ಸ್ವಲ್ಪ ಕಮ್ಮಿ. ಇದರ ಬಗ್ಗೆ ಯಾರೇ ಮಾತೆತ್ತಿದರೂ ಒಂದು ಕತೆ ಬಂದೇ ಬರುತ್ತದೆ, ನಾನೂ ಬಿಡುವುದಿಲ್ಲ. 1863ರ ನವೆಂಬರ್ 19. ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮರ್ಪಣೆ. ಅವತ್ತಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್, ಆ ಕಾಲಕ್ಕೆ ಬಹಳ ಹೆಸರು ಮಾಡಿದ್ದ ಮಾತುಗಾರ. ಅವರು ಎರಡು ಗಂಟೆ ಮಾತಾಡಿದರು. ಆಮೇಲೆ ಅಧ್ಯಕ್ಷ ಲಿಂಕನ್ ಎದ್ದು ಸುಮಾರು 270 ಪದ ಹೇಳಿ ಕೂತರು. ಎರಡು ನಿಮಿಷದ ಮಾತು. ಇವತ್ತು ಉಳಿದಿರುವುದು ಅದೇ. ನನಗೆ ಇದರಲ್ಲಿ ಇಷ್ಟವಾಗುವುದು ಎವರೆಟ್ ಅವರ ದೊಡ್ಡತನ. ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೆ ಸಂತೋಷಪಡುತ್ತಿದ್ದೆ ಅನ್ನುವ ಅರ್ಥದಲ್ಲಿ ಮಾರನೇ ದಿನವೇ ಲಿಂಕನ್‌ಗೆ ಕಾಗದ ಬರೆದರು.

ಹಾಗಂತ ಚಿಕ್ಕದೆಲ್ಲ ಒಳ್ಳೆಯದು, ಉದ್ದದ್ದೆಲ್ಲ ಕೆಟ್ಟದ್ದು ಅಂತಲ್ಲ. 1964ರ ಏಪ್ರಿಲ್ 20ರಂದು ನೆಲ್ಸನ್ ಮಂಡೇಲಾ ಪ್ರಿಟೋರಿಯಾದ ಕೋರ್ಟಿನಲ್ಲಿ ಆರೋಪಿಯ ಕಟಕಟೆಯಿಂದ ಸುಮಾರು ಮೂರು ಗಂಟೆ ಮಾತಾಡಿದರು. ಗಲ್ಲು ಶಿಕ್ಷೆ ಬರಬಹುದಾದ ಮೊಕದ್ದಮೆ ಅದು. ಉದ್ದವಾಯಿತು ಅಂತ ಯಾರೂ ದೂರುವುದಿಲ್ಲ. ಹೇಳಲೇಬೇಕಾದದ್ದು ಅಷ್ಟಿತ್ತು. ನಿಮ್ಮ ನನ್ನ ಭಾಷಣಗಳಲ್ಲಿ ಸಾಮಾನ್ಯವಾಗಿ ಅಷ್ಟಿರುವುದಿಲ್ಲ, ಅಲ್ವಾ?

ಇನ್ನೊಂದು ಕಡೆ ವಿಲಿಯಂ ಹೆನ್ರಿ ಹ್ಯಾರಿಸನ್ ಇದ್ದಾರೆ. 1841ರ ಮಾರ್ಚ್ 4ರಂದು ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಳ್ಳುವಾಗ ಚಳಿಗಾಳಿಯಲ್ಲಿ ಕೋಟು ಟೋಪಿ ಇಲ್ಲದೆ ನಿಂತು 8,000ಕ್ಕೂ ಜಾಸ್ತಿ ಪದಗಳ ಭಾಷಣ ಓದಿದರು. ಸರಿಯಾಗಿ ಒಂದು ತಿಂಗಳಿಗೆ ತೀರಿಕೊಂಡರು. ಆ ಚಳಿಯೇ ಕೊಂದಿತು ಅಂತ ಬಹಳ ಕಾಲ ಹೇಳುತ್ತಿದ್ದರು. ಕೆಟ್ಟ ನೀರು ಕಾರಣವಿರಬಹುದು ಅನ್ನುವ ವಾದವೂ ಈಗ ಇದೆ. ಏನೇ ಇರಲಿ, ಆ ಭಾಷಣದ ಒಂದು ಸಾಲೂ ಜನರ ಬಾಯಲ್ಲಿ ಉಳಿಯಲಿಲ್ಲ.

ಹತ್ತು ನಿಮಿಷ ಕೊಟ್ಟಿದ್ದಾರೆ. ಎಷ್ಟು ಪುಟ ಬರೆದುಕೊಳ್ಳಲಿ?

ಪುಟದ ಲೆಕ್ಕ ಬಿಡಿ. ಒಂದು ಪುಟವನ್ನು ನಿಂತುಕೊಂಡು, ಗಟ್ಟಿಯಾಗಿ, ನಿಧಾನವಾಗಿ ಓದಿ ಗಡಿಯಾರ ನೋಡಿ. ಅದರಿಂದ ಗುಣಿಸಿ. ಒಟ್ಟು ಎಂಟು ನಿಮಿಷಕ್ಕೆ ನಿಲ್ಲಿಸಿ. ವೇದಿಕೆ ಹತ್ತಿ ಇಳಿಯುವುದು, ನಗು, ಮೈಕ್ ಸರಿಮಾಡಿಕೊಳ್ಳುವುದು, ಇವೆಲ್ಲ ಉಳಿದ ಎರಡು ನಿಮಿಷ ತಿನ್ನುತ್ತವೆ. ಮನಸ್ಸಿನಲ್ಲೇ ಓದಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಕಣ್ಣು ಬಾಯಿಗಿಂತ ಬೇಗ ಓಡುತ್ತದೆ.

ಶುರು ಹೇಗೆ ಮಾಡಲಿ?

ಮೊದಲ ಅರ್ಧ ನಿಮಿಷ ಜನ ನಿಮಗೆ ಉಚಿತವಾಗಿ ಕೊಡುತ್ತಾರೆ. ಯಾರಿವರು, ಏನು ಹೇಳುತ್ತಾರೆ ಅನ್ನುವ ಕುತೂಹಲ ಇರುತ್ತದೆ. ಆ ಅರ್ಧ ನಿಮಿಷವನ್ನು ಹೆಚ್ಚಿನವರು ಹೇಗೆ ಕಳೆಯುತ್ತಾರೆ ಗೊತ್ತಾ? ವೇದಿಕೆ ಮೇಲಿರುವವರ ಹೆಸರುಗಳನ್ನು ಒಂದೊಂದಾಗಿ ಓದಿ. ಅದೂ ನಿರೂಪಕರು ಈಗಷ್ಟೇ ಓದಿ ಮುಗಿಸಿದ ಹೆಸರುಗಳು! ಇನ್ನು ಕೆಲವರು "ನನಗೆ ಮಾತಾಡಲು ಬರುವುದಿಲ್ಲ, ತಯಾರಿ ಮಾಡಿಲ್ಲ, ತಪ್ಪಾದರೆ ಕ್ಷಮಿಸಿ" ಅಂತ ಶುರು ಮಾಡುತ್ತಾರೆ. ವಿನಯ ಒಳ್ಳೆಯದೇ. ಆದರೆ ತಯಾರಿ ಮಾಡಿಲ್ಲ ಅಂದರೆ ಕೇಳುವವನಿಗೆ ಕೇಳಿಸುವುದು ಬೇರೆ: ನಿಮ್ಮ ಹೊತ್ತಿಗೆ ನಾನು ಬೆಲೆ ಕೊಟ್ಟಿಲ್ಲ ಅಂತ.

ಇನ್ನೊಂದು ರೀತಿಯೂ ಇದೆ. 1893ರ ಸೆಪ್ಟೆಂಬರ್ 11ರಂದು ಶಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಹೇಳಿದ "ಅಮೆರಿಕದ ಸೋದರಿಯರೇ, ಸೋದರರೇ" ಅನ್ನುವ ಮಾತಿಗೇ ಸಭೆ ಎದ್ದು ಚಪ್ಪಾಳೆ ತಟ್ಟಿತು. ಅವರು ಹೆದರಿಕೊಂಡು ತಮ್ಮ ಸರದಿಯನ್ನು ಮತ್ತೆ ಮತ್ತೆ ಮುಂದೆ ಹಾಕಿ ಕೊನೆಗೆ ಎದ್ದವರು ಅನ್ನುವುದನ್ನು ನಾವು ಮರೆಯುತ್ತೇವೆ. ಆ ಸಂಬೋಧನೆಯಲ್ಲಿ ಜಾಣತನ ಏನೂ ಇಲ್ಲ. ಆದರೆ ಮುಂದೆ ಹೇಳಬೇಕಿದ್ದದ್ದೂ ಅದೇ. ಯಾರೂ ಹೊರಗಿನವರಲ್ಲ ಅನ್ನುವ ಮಾತು. ಮೊದಲ ವಾಕ್ಯವೇ ಅದನ್ನು ಮಾಡಿ ತೋರಿಸಿತು.

ನೀವು ಅದನ್ನು ನಕಲು ಮಾಡಬೇಡಿ, ದಯವಿಟ್ಟು. ನೇರವಾಗಿ ವಿಷಯದ ಮಧ್ಯಕ್ಕೆ ಹಾರಿ. "ಹೋದ ವಾರ ರಾತ್ರಿ ಒಂದು ಗಂಟೆಗೆ ನನಗೆ ಗ್ಯಾಸ್ ವಾಸನೆಯಿಂದ ಎಚ್ಚರವಾಯಿತು" ಅಂದರೆ ಸಾಕು, ಹಿಂದಿನ ಸಾಲಿನವರೂ ತಲೆ ಎತ್ತುತ್ತಾರೆ. ನಮಸ್ಕಾರ ಆಮೇಲೆ ಹೇಳಿದರೂ ಯಾರೂ ಬೇಜಾರಾಗುವುದಿಲ್ಲ.

ಜನ ಒಪ್ಪುವುದು ಯಾವುದಕ್ಕೆ? ವಾದಕ್ಕಾ, ಭಾವನೆಗಾ?

ಸುಮಾರು 2,300 ವರ್ಷದ ಹಿಂದೆ ಗ್ರೀಸಿನ ಅರಿಸ್ಟಾಟಲ್ ಇದಕ್ಕೆ ಮೂರು ದಾರಿ ಹೇಳಿದ. ಮಾತಾಡುವವನ ಗುಣ, ಕೇಳುವವರ ಮನಸ್ಥಿತಿ, ಮಾತಿನೊಳಗಿನ ತರ್ಕ. ಈ ಮೂರರಲ್ಲಿ ಮೊದಲನೆಯದೇ ಹೆಚ್ಚು ಕಮ್ಮಿ ಎಲ್ಲಕ್ಕಿಂತ ಬಲವಾದದ್ದು ಅಂತಲೂ ಹೇಳಿದ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಗುಣ ಅಂದರೆ ನಿಮಗೆ ಮೊದಲಿನಿಂದ ಇರುವ ಹೆಸರಲ್ಲ, ಆ ಮಾತಿನಲ್ಲೇ ಕಾಣುವ ಗುಣ. ಇವರಿಗೆ ವಿಷಯ ಗೊತ್ತಿದೆ, ಸುಳ್ಳು ಹೇಳುತ್ತಿಲ್ಲ, ನಮ್ಮ ಒಳ್ಳೆಯದು ಬಯಸುತ್ತಾರೆ ಅಂತ ಕೇಳುತ್ತಾ ಕೇಳುತ್ತಾ ಅನ್ನಿಸಬೇಕು.

ಹಾಗಾಗಿ ನಿಮ್ಮ ವಾದದ ದುರ್ಬಲ ಜಾಗವನ್ನು ನೀವೇ ಹೇಳಿಬಿಡುವುದು ಒಳ್ಳೆಯದು. "ಇದಕ್ಕೆ ಖರ್ಚು ಜಾಸ್ತಿ, ನಿಜ" ಅಂದುಬಿಟ್ಟರೆ ಮುಂದಿನ ಮಾತಿಗೆ ತೂಕ ಬರುತ್ತದೆ. ಬರೀ ಕಣ್ಣೀರು ತರಿಸುವ ಭಾಷಣ ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ. ಬರೀ ತರ್ಕದ ಭಾಷಣಕ್ಕೆ ಜನ ತಲೆಯಾಡಿಸುತ್ತಾರೆ, ಆದರೆ ಎದ್ದು ಏನೂ ಮಾಡುವುದಿಲ್ಲ.

ನೋಡಿಕೊಂಡು ಓದಿದರೆ ತಪ್ಪಾ?

ತಪ್ಪಲ್ಲ. ಓದುತ್ತಿರುವ ಹಾಗೆ ಕೇಳಿಸಿದರೆ ತಪ್ಪು. 2005ರಲ್ಲಿ ಸ್ಟೀವ್ ಜಾಬ್ಸ್ ಸ್ಟ್ಯಾನ್‌ಫರ್ಡ್‌ನ ಘಟಿಕೋತ್ಸವದಲ್ಲಿ ಮಾಡಿದ ಭಾಷಣ ಪೂರ್ತಿ ಹಾಳೆ ನೋಡಿಕೊಂಡು ಓದಿದ್ದೇ. ತಮ್ಮ ಬದುಕಿನ ಮೂರು ಕತೆ ಹೇಳುತ್ತೇನೆ ಅಂದರು, ಮೂರೇ ಹೇಳಿದರು, ಕಾಲು ಗಂಟೆಯಲ್ಲಿ ಮುಗಿಸಿದರು. ಇವತ್ತಿಗೂ ಜನ ಅದನ್ನು ಹುಡುಕಿ ನೋಡುತ್ತಾರೆ.

ಚರ್ಚಿಲ್ ಅವರದು ಇನ್ನೂ ಚೆನ್ನಾಗಿದೆ. ಶುರುವಿನಲ್ಲಿ ಭಾಷಣಗಳನ್ನು ಬಾಯಿಪಾಠ ಮಾಡುತ್ತಿದ್ದರು. 1904ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ಮುಂದಿನ ಮಾತು ಮರೆತುಹೋಯಿತು. ತಡಕಾಡಿದರು, ಸಿಗಲಿಲ್ಲ, ಕೂತುಬಿಟ್ಟರು. ಆಗ ಅವರಿಗೆ 29 ವರ್ಷ. ಆಮೇಲೆ ದೊಡ್ಡ ಭಾಷಣಗಳಿಗೆ ಪೂರ್ತಿ ಬರೆದ ಪ್ರತಿ ಇಲ್ಲದೆ ಹೋಗುತ್ತಿರಲಿಲ್ಲ. ಆ ಪ್ರತಿಯನ್ನು ಪದ್ಯದ ಹಾಗೆ ಸಾಲು ಮುರಿದು ಟೈಪ್ ಮಾಡಿಸುತ್ತಿದ್ದರು. ಎಲ್ಲಿ ಉಸಿರು, ಎಲ್ಲಿ ನಿಲುಗಡೆ ಅಂತ ಕಣ್ಣಿಗೇ ಕಾಣುವ ಹಾಗೆ. ಈ ಉಪಾಯ ಕದಿಯಿರಿ. ಒಂದು ಉಸಿರಿಗೆ ಒಂದು ಸಾಲು, ದಪ್ಪ ಅಕ್ಷರ, ಹಾಳೆಯ ಒಂದೇ ಬದಿ, ಪುಟಕ್ಕೆ ನಂಬರ್. ಪುಟದ ಕೊನೆಯಲ್ಲಿ ವಾಕ್ಯ ಅರ್ಧಕ್ಕೆ ನಿಲ್ಲಬಾರದು.

ಬರೆಯುವಾಗ ಕಿವಿಗೆ ಬರೆಯಿರಿ. "ಸದರಿ ಯೋಜನೆಯ ಅನುಷ್ಠಾನದ ಹಿನ್ನೆಲೆಯಲ್ಲಿ" ಅಂತ ನೀವು ಮನೆಯಲ್ಲಿ ಯಾವತ್ತಾದರೂ ಅಂದಿದ್ದೀರಾ? ಓದುವವರು ಬೇಕಾದರೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದುತ್ತಾರೆ. ಕೇಳುವವರಿಗೆ ಆ ಅನುಕೂಲ ಇಲ್ಲ.

ಹಾಗೇ ಮನಸ್ಸಿಗೆ ಬಂದಂತೆ ಮಾತಾಡುವವರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ!

ಹಾಗೆ ಕಾಣುತ್ತದೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದರು. ಬರೆದುಕೊಂಡು ಬಂದಿದ್ದ ಪ್ರತಿಯಲ್ಲಿ "ನನಗೊಂದು ಕನಸಿದೆ" ಅನ್ನುವ ಆ ಪ್ರಸಿದ್ಧ ಭಾಗ ಇರಲೇ ಇಲ್ಲ. ಹತ್ತಿರದಲ್ಲಿದ್ದ ಗಾಯಕಿ ಮಹಾಲಿಯಾ ಜಾಕ್ಸನ್ "ಕನಸಿನ ಬಗ್ಗೆ ಹೇಳಿ" ಅಂತ ಕೂಗಿದರು. ಕಿಂಗ್ ಹಾಳೆ ಬದಿಗಿಟ್ಟರು.

ಆದರೆ ಅದು ಆ ಕ್ಷಣದಲ್ಲಿ ಹುಟ್ಟಿದ ಮಾತಲ್ಲ. ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ ಅದೇ ಕನಸಿನ ಮಾತು ಆಡಿದ್ದರು. ಮೊದಲೇ ಬಾಯಲ್ಲಿ ಪಳಗಿದ್ದಕ್ಕೇ ಹಾಳೆ ಬಿಡುವ ಧೈರ್ಯ ಬಂತು. ನಾವು ಒಂದು ಸಲವೂ ಅಭ್ಯಾಸ ಮಾಡದೆ "ಸ್ಫೂರ್ತಿ ಬರುತ್ತದೆ" ಅಂತ ಹೋಗುತ್ತೇವೆ. ಸ್ಫೂರ್ತಿಯ ಬದಲು ಬೆವರು ಬರುತ್ತದೆ.

ವೇದಿಕೆ ಅಂದರೆ ಕೈಕಾಲು ನಡುಗುತ್ತದೆ. ಏನು ಮಾಡಲಿ?

ಮೊದಲು, ನೀವೊಬ್ಬರೇ ಅಲ್ಲ. ಲಂಡನ್‌ನಿಂದ ಬ್ಯಾರಿಸ್ಟರ್ ಆಗಿ ಬಂದ ಗಾಂಧೀಜಿ ಬಾಂಬೆಯ ಕೋರ್ಟಿನಲ್ಲಿ ತಮ್ಮ ಮೊದಲ ಕೇಸಿಗೆ ಪಾಟೀ ಸವಾಲು ಮಾಡಲು ಎದ್ದು ನಿಂತರು. ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತರು, ಕೇಸು ಬೇರೆಯವರಿಗೆ ಬಿಟ್ಟುಕೊಟ್ಟರು. ಆ ಸಂಕೋಚ ತಮಗೆ ಕೊನೆಗೆ ಲಾಭವೇ ಆಯಿತು, ಮಾತಿನಲ್ಲಿ ಮಿತ ಕಲಿಸಿತು ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಎರಡನೆಯದು, ನಿಮ್ಮ ಭಯ ನಿಮಗೆ ಕಾಣುವಷ್ಟು ಹೊರಗಿನವರಿಗೆ ಕಾಣುವುದಿಲ್ಲ. ನಿಮ್ಮ ಎದೆಬಡಿತ ನಿಮಗೆ ಡೋಲಿನ ಹಾಗೆ ಕೇಳಿಸುತ್ತಿರುತ್ತದೆ. ಎರಡನೇ ಸಾಲಿನವರಿಗೆ ಏನೂ ಗೊತ್ತಾಗುವುದಿಲ್ಲ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರಿಗೆ ಈ ಸಂಗತಿಯನ್ನು ಮೊದಲೇ ತಿಳಿಸಿದ್ದರೋ ಆ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ತಿಳಿದಿದ್ದೇ ಮದ್ದಾಯಿತು. ಈಗ ನಿಮಗೂ ತಿಳಿಯಿತು.

ಮೂರನೆಯದು, ಶಾಂತವಾಗಲು ಒದ್ದಾಡಬೇಡಿ. ಅಡ್ರಿನಲಿನ್ ಏರಿರುವಾಗ "ಶಾಂತ, ಶಾಂತ" ಅಂತ ಹೇಳಿಕೊಂಡರೆ ದೇಹ ಕೇಳುವುದಿಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದು ಇದು: ನಾನು ಶಾಂತವಾಗಿದ್ದೇನೆ ಅಂದುಕೊಂಡವರಿಗಿಂತ, ನನಗೆ ಹುರುಪು ಬಂದಿದೆ ಅಂತ ಬಾಯಿಬಿಟ್ಟು ಹೇಳಿಕೊಂಡವರ ಭಾಷಣ ಚೆನ್ನಾಗಿ ಬಂತು. ಭಯಕ್ಕೂ ಹುರುಪಿಗೂ ದೇಹದಲ್ಲಿ ಆಗುವುದು ಹೆಚ್ಚು ಕಮ್ಮಿ ಒಂದೇ. ಹೆಸರು ಬದಲಿಸುವುದು ಸುಲಭ.

ಇನ್ನು ಸಣ್ಣ ಉಪಾಯಗಳು. ಉಸಿರು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಬಿಡುವುದರ ಕಡೆ ಗಮನ ಕೊಡಿ. ನೀರು ಹತ್ತಿರ ಇರಲಿ, ಬಾಯಿ ಒಣಗುತ್ತದೆ. ಕೈ ನಡುಗುವವರು ಒಂಟಿ ಹಾಳೆ ಹಿಡಿಯಬೇಡಿ, ಅದು ಎಲೆಯ ಹಾಗೆ ಅಲ್ಲಾಡಿ ಗುಟ್ಟು ಬಿಟ್ಟುಕೊಡುತ್ತದೆ. ದಪ್ಪ ಕಾರ್ಡ್ ಹಿಡಿಯಿರಿ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ. ಅಷ್ಟು ದಾಟಿದರೆ ಉಳಿದದ್ದು ತಾನಾಗಿ ಬರುತ್ತದೆ.

ಸಭೆಯನ್ನು ನೋಡದೆ ತಲೆ ಮೇಲೆ ಗೋಡೆ ನೋಡಿ ಅಂತಾರಲ್ಲ?

ಬೇಡ. ಗೋಡೆ ತಲೆಯಾಡಿಸುವುದಿಲ್ಲ. ಎಡ, ಬಲ, ಹಿಂದೆ ಒಬ್ಬೊಬ್ಬ ಆಸಕ್ತರನ್ನು ಹುಡುಕಿಕೊಂಡು ಒಂದು ವಾಕ್ಯ ಮುಗಿಯುವ ತನಕ ಒಬ್ಬರಿಗೇ ಹೇಳಿ.

ಮಾತಿನ ಪರಿಣಾಮದಲ್ಲಿ 93 ಭಾಗ ಹಾವಭಾವದ್ದೇ, ಪದಗಳದ್ದು ಬರೀ 7 ಭಾಗ. ನಿಜವಾ?

ಅಲ್ಲ. ತರಬೇತಿ ಕೊಡುವವರು ಈ ಅಂಕಿ ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇದರ ಮೂಲ 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮಾಡಿದ ಅಧ್ಯಯನಗಳು. ಅಲ್ಲಿ ಭಾಷಣವೇ ಇರಲಿಲ್ಲ. ಒಂಟಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರಿಗೆ ಇಷ್ಟವಿದೆಯೋ ಇಲ್ಲವೋ ಅಂತ ಊಹಿಸಲು ಕೇಳಿದ್ದರು. ಭಾವನೆ ಮತ್ತು ಇಷ್ಟಾನಿಷ್ಟದ ಮಾತಿಗೆ ಬಿಟ್ಟು ಬೇರೆಯದಕ್ಕೆ ಇದು ಹೊಂದುವುದಿಲ್ಲ ಅಂತ ಅವರೇ ಹೇಳಿದ್ದಾರೆ. ಪದಗಳಿಗೆ 7 ಭಾಗವೇ ಬೆಲೆ ಇದ್ದಿದ್ದರೆ, ಗೊತ್ತಿಲ್ಲದ ಭಾಷೆಯ ಭಾಷಣವೂ ನಮಗೆ ಮುಕ್ಕಾಲು ಪಾಲು ಅರ್ಥವಾಗಬೇಕಿತ್ತು!

ಹಾವಭಾವಕ್ಕೆ ಬೆಲೆ ಇಲ್ಲ ಅಂತಲ್ಲ. "ನಿಮ್ಮನ್ನೆಲ್ಲ ನೋಡಿ ತುಂಬಾ ಸಂತೋಷ" ಅಂತ ಹಾಳೆ ನೋಡಿಕೊಂಡು, ಜೋಲುಮುಖದಲ್ಲಿ ಓದಿದರೆ ಜನ ನಂಬುವುದು ಮುಖವನ್ನೇ.

ಕೈಗಳನ್ನು ಎಲ್ಲಿಡಲಿ?

ಎಲ್ಲಿ ಬೇಕಾದರೂ, ಜೇಬಿನಲ್ಲಿ ಕೀಲಿ ಗಲಗಲ ಅನ್ನಿಸದಿದ್ದರೆ ಸಾಕು.

ನನಗೆ ಉಗ್ಗು ಇದೆ. ದನಿಯೂ ಸಣ್ಣದು. ಭಾಷಣ ನನಗಲ್ಲ ಅನ್ನಿಸುತ್ತದೆ.

ಹಳೇ ಕಾಲದ ಗ್ರೀಸಿನ ದೊಡ್ಡ ಭಾಷಣಕಾರ ಡೆಮಾಸ್ತನೀಸ್ ಮಾತಿನ ತೊಡಕು ಸರಿಮಾಡಿಕೊಳ್ಳಲು ಬಾಯಲ್ಲಿ ಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದ ಅಂತ ಪ್ಲೂಟಾರ್ಕ್ ಬರೆದಿದ್ದಾನೆ. ದಯವಿಟ್ಟು ಇದನ್ನು ಮಾಡಲು ಹೋಗಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು. ಹತ್ತಿರದ ಉದಾಹರಣೆ ಬ್ರಿಟನ್ನಿನ ದೊರೆ ಆರನೇ ಜಾರ್ಜ್. ದೊರೆಯಾಗುವ ಮುಂಚೆ, 1925ರಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ ಮಾಡಿದ ಭಾಷಣ ಅವರಿಗೂ ಕೇಳುವವರಿಗೂ ಹಿಂಸೆಯಾಯಿತು. ಮಾರನೇ ವರ್ಷದಿಂದ ಆಸ್ಟ್ರೇಲಿಯಾದ ಲಯನೆಲ್ ಲೋಗ್ ಹತ್ತಿರ ಉಸಿರಾಟದ ಅಭ್ಯಾಸ ಶುರು ಮಾಡಿದರು. 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ ದಿನ, ರೇಡಿಯೋದಲ್ಲಿ ದೇಶಕ್ಕೆ ಮಾತಾಡಿದ್ದು ಅದೇ ಮನುಷ್ಯ. ಉಗ್ಗು ಪೂರ್ತಿ ಹೋಗಿರಲಿಲ್ಲ. ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಮಾತಾಡಿದರು. ಆ ಹೊತ್ತಿಗೆ ಆ ನಿಧಾನವೇ ಗಾಂಭೀರ್ಯ ತಂದಿತು.

ಸಣ್ಣ ದನಿಗೆ ಮೈಕ್ ಇದೆ. ಉಗ್ಗಿಗೆ ವಾಕ್ ಚಿಕಿತ್ಸಕರು ಇದ್ದಾರೆ, ಹೋಗಿ. ಜನ ಉಗ್ಗನ್ನು ಬೇಗ ಒಪ್ಪಿಕೊಳ್ಳುತ್ತಾರೆ. ಹೇಳಲು ಏನೂ ಇಲ್ಲದವರ ನಿರರ್ಗಳ ಮಾತನ್ನು ಅಷ್ಟು ಬೇಗ ಒಪ್ಪುವುದಿಲ್ಲ.

ಮಧ್ಯೆ ಮಾತು ನಿಂತರೆ ಅವಮಾನ ಅಲ್ವಾ?

ನಿಮಗೆ ಐದು ನಿಮಿಷ ಅನ್ನಿಸುವ ಮೌನ ಕೇಳುವವರಿಗೆ ಎರಡು ಸೆಕೆಂಡು. ಅಷ್ಟರಲ್ಲಿ ಅವರು ಹಿಂದಿನ ಮಾತನ್ನು ಜೀರ್ಣಿಸಿಕೊಳ್ಳುತ್ತಾರೆ. ಮುಖ್ಯವಾದ ವಾಕ್ಯದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಬೇಕಂತಲೇ ನಿಲ್ಲಿಸಿ. ಮಾತು ಮರೆತು ನಿಂತಿದ್ದೀರೋ, ಬೇಕಂತ ನಿಂತಿದ್ದೀರೋ ಯಾರಿಗೂ ಗೊತ್ತಾಗುವುದಿಲ್ಲ, ನೀವು ಚಾವಣಿ ನೋಡದಿದ್ದರೆ.

ಜೋಕ್ ಹೇಳಲೇಬೇಕಾ?

ಬೇಕಿಲ್ಲ. ತಮಾಷೆ ನಿಮ್ಮ ಸ್ವಭಾವದಲ್ಲಿದ್ದರೆ ತಾನಾಗಿ ಬರುತ್ತದೆ. ಫೋನಿನಲ್ಲಿ ಬಂದ ಜೋಕನ್ನು ಹೇಳಿದರೆ ಸಭೆಯ ಅರ್ಧ ಜನಕ್ಕೆ ಅದು ನಿನ್ನೆಯೇ ಬಂದಿರುತ್ತದೆ.

ಜೋಕಿನಿಂದ ಮುಳುಗಿದವರ ಕತೆ ಕೇಳಿ. ಜೆರಾಲ್ಡ್ ರ‍್ಯಾಟ್ನರ್ ಬ್ರಿಟನ್ನಿನಲ್ಲಿ ದೊಡ್ಡ ಒಡವೆ ಅಂಗಡಿಗಳ ಸರಣಿ ನಡೆಸುತ್ತಿದ್ದರು. 1991ರ ಏಪ್ರಿಲ್ 23ರಂದು ಉದ್ಯಮಿಗಳ ಸಭೆಯೊಂದರಲ್ಲಿ, ಇಷ್ಟು ಅಗ್ಗಕ್ಕೆ ಹೇಗೆ ಮಾರುತ್ತೀರಿ ಅಂತ ಜನ ಕೇಳುತ್ತಾರೆ, ನಮ್ಮ ಸಾಮಾನು ಬರೀ ಕಸ ಅದಕ್ಕೇ ಅನ್ನುವ ಅರ್ಥದಲ್ಲಿ ತಮಾಷೆ ಮಾಡಿದರು. ಸಭೆ ನಕ್ಕಿತು. ಮಾರನೇ ದಿನ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಒಡವೆ ಕೊಂಡು ಪ್ರೀತಿಪಾತ್ರರಿಗೆ ಕೊಟ್ಟಿದ್ದ ಜನ ನಗಲಿಲ್ಲ. ಕಂಪನಿಯ ಬೆಲೆ ಸುಮಾರು 50 ಕೋಟಿ ಪೌಂಡ್ ಕುಸಿಯಿತು, ಅವರು ಕಂಪನಿ ಬಿಡಬೇಕಾಯಿತು, ಕೊನೆಗೆ ಕಂಪನಿಯ ಹೆಸರನ್ನೇ ಬದಲಿಸಿದರು. ಕೇಳುವವರು ಎದುರಿಗೆ ಕೂತವರಷ್ಟೇ ಅಂದುಕೊಂಡಿದ್ದು ಅವರ ತಪ್ಪು. ಅವತ್ತು ಪತ್ರಿಕೆಯವರಿದ್ದರು. ಇವತ್ತು ಪ್ರತಿ ಕುರ್ಚಿಯಲ್ಲೂ ಒಂದು ಕ್ಯಾಮೆರಾ ಇದೆ.

ಅಂಕಿ ಅಂಶ ಎಷ್ಟು ಹಾಕಬಹುದು?

ಒಂದು. ತುಂಬಾ ಬೇಕಾದರೆ ಎರಡು. ಅದನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿ. 10 ಲಕ್ಷಕ್ಕೂ 100 ಕೋಟಿಗೂ ಇರುವ ಅಂತರ ಬರೀ ಕೇಳಿದರೆ ಯಾರ ಮನಸ್ಸಿಗೂ ಹತ್ತುವುದಿಲ್ಲ. 10 ಲಕ್ಷ ಸೆಕೆಂಡ್ ಅಂದರೆ ಹನ್ನೊಂದೂವರೆ ದಿನ, 100 ಕೋಟಿ ಸೆಕೆಂಡ್ ಅಂದರೆ 31 ವರ್ಷಕ್ಕೂ ಮೇಲೆ ಅಂದು ನೋಡಿ. ಸಭೆಯಿಂದ "ಓಹ್" ಅನ್ನುವ ಸದ್ದು ನಿಮಗೇ ಕೇಳಿಸುತ್ತದೆ.

ಸ್ಲೈಡ್ ಹಾಕಿದರೆ ಚೆನ್ನಾಗಿರುತ್ತದಾ?

ಚಿತ್ರ, ನಕ್ಷೆ, ಯಂತ್ರದ ಭಾಗ, ಇಂಥದ್ದು ತೋರಿಸಲು ಬಹಳ ಚೆನ್ನಾಗಿರುತ್ತದೆ. ಹೇಳಬೇಕಾದ ಮಾತನ್ನೇ ಸ್ಲೈಡಿನಲ್ಲಿ ತುಂಬಿ ಅದನ್ನು ಓದಿ ಹೇಳುವುದು ಮಾತ್ರ ಬೇಡ. ಜನ ನಿಮಗಿಂತ ಬೇಗ ಓದಿ ಮುಗಿಸಿ ಕಾಯುತ್ತಾ ಕೂರುತ್ತಾರೆ. ಒಂದು ಕಡೆ ಓದುತ್ತಾ ಇನ್ನೊಂದು ಕಡೆ ಬೇರೆ ವಾಕ್ಯ ಕೇಳುವುದು ಯಾರಿಂದಲೂ ಆಗದ ಕೆಲಸ. ಒಮ್ಮೆ ನಾನು ನಿರೂಪಣೆ ಮಾಡುತ್ತಿದ್ದ ಸಭೆಯಲ್ಲಿ ಕರೆಂಟ್ ಹೋಗಿ ಪರದೆ ಕಪ್ಪಾಯಿತು. ಅತಿಥಿಗಳು ಹತ್ತು ನಿಮಿಷ ಕಾದು, ಬೇರೆ ದಾರಿ ಇಲ್ಲದೆ ಸುಮ್ನೆ ಮಾತಾಡತೊಡಗಿದರು. ಅವತ್ತಿನ ಅತಿ ಒಳ್ಳೆಯ ಭಾಷಣ ಅದೇ. ಕರೆಂಟ್ ಬಂದಾಗ ನನಗೆ ಬೇಜಾರಾಯಿತು.

ಮೈಕ್ ಜೊತೆ ಹೇಗೆ ಏಗುವುದು?

ಬಾಯಿಂದ ಸುಮಾರು ಒಂದು ಮುಷ್ಟಿ ದೂರ ಹಿಡಿಯಿರಿ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ಪ, ಫ, ಬ, ಭ ಬಂದಾಗಲೆಲ್ಲ ಗಾಳಿ ಬಡಿದು ದಪ್ ದಪ್ ಅನ್ನುತ್ತದೆ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಬೇಡಿ, ಸ್ಪೀಕರ್ ಡಬ್ಬದ ಮುಂದೆ ಹೋಗಿ ನಿಲ್ಲಬೇಡಿ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತಿ ಸುತ್ತಿ ದೊಡ್ಡದಾಗಿ ಕೀಂಯ್ ಅನ್ನುವುದು ಆಗಲೇ. ತಲೆ ತಿರುಗಿಸುವಾಗ ಮೈಕೂ ಜೊತೆಗೆ ತಿರುಗಲಿ. "ಮೈಕ್ ಟೆಸ್ಟಿಂಗ್" ಸಭೆ ಸೇರುವ ಮುಂಚೆ ಮಾಡಿ ಮುಗಿಸಿ.

ಜನ ಫೋನ್ ನೋಡುತ್ತಾ ಕೂತರೆ? ಗಲಾಟೆ ಮಾಡಿದರೆ?

ಒಬ್ಬಿಬ್ಬರು ನೋಡಿದರೆ ಬಿಟ್ಟುಬಿಡಿ. ಅರ್ಧ ಸಭೆ ನೋಡುತ್ತಿದ್ದರೆ ಅವರು ನಿಮಗೆ ಏನೋ ಹೇಳುತ್ತಿದ್ದಾರೆ. ಬರೆದದ್ದರಲ್ಲಿ ಒಂದು ಪುಟ ಹಾರಿಸಿ, ಒಂದು ಪ್ರಶ್ನೆ ಕೇಳಿ, ದನಿ ಇಳಿಸಿ. ದನಿ ಏರಿಸುವುದಕ್ಕಿಂತ ಇಳಿಸುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಬೈಯಬೇಡಿ. ಕೇಳುತ್ತಿರುವವರಿಗೂ ಬೈಗುಳ ಬೀಳುತ್ತದೆ.

ಸಭೆಯ ಮನಸ್ಸು ಅರಿಯದೆ ಮಾತು ಮುಂದುವರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ 1989ರ ಡಿಸೆಂಬರ್ 21ರ ಬುಕಾರೆಸ್ಟ್ ನೋಡಬೇಕು. ರೊಮೇನಿಯಾದ ಸರ್ವಾಧಿಕಾರಿ ಚಾವುಶೆಸ್ಕು ಮಹಡಿಯ ಮೊಗಸಾಲೆಯಲ್ಲಿ ನಿಂತು ಎಂದಿನ ಭಾಷಣ ಶುರು ಮಾಡಿದ. ಕೆಳಗೆ ಜನ ಕೂಗಾಡತೊಡಗಿದರು. ಅವನು "ಹಲೋ, ಹಲೋ" ಅಂದ, ಫೋನ್ ಲೈನ್ ಕೆಟ್ಟವನ ಹಾಗೆ. ಸಂಬಳ ಏರಿಸುತ್ತೇನೆ ಅಂದ. ಟಿವಿಯಲ್ಲಿ ದೇಶವೆಲ್ಲ ನೋಡುತ್ತಿತ್ತು. ಮಾರನೇ ದಿನ ಹೆಲಿಕಾಪ್ಟರ್ ಹತ್ತಿ ಓಡಿದ. ಅವನ ಆಡಳಿತ ಬಿದ್ದಿದ್ದು ಭಾಷಣದಿಂದಲ್ಲ, ವರ್ಷಗಳ ಕಷ್ಟದಿಂದ. ಆದರೆ ಅವನ ಮುಖದ ಮೇಲಿನ ಗಲಿಬಿಲಿ ಆ ಭಾಷಣದಲ್ಲೇ ಎಲ್ಲರಿಗೂ ಕಂಡುಬಿಟ್ಟಿತು.

ಬೇರೆಯವರ ಒಳ್ಳೆಯ ಸಾಲು ಬಳಸಬಹುದಾ?

ಹೆಸರು ಹೇಳಿ ಬಳಸಿ. 1987ರಲ್ಲಿ ಜೋ ಬೈಡನ್ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ನೀಲ್ ಕಿನಕ್ ಅವರ ಭಾಷಣದ ಮಾತುಗಳನ್ನು ಒಂದು ಸಲ ಹೆಸರು ಹೇಳದೆ ಬಳಸಿದರು. ಅದಕ್ಕೂ ಮುಂಚೆ ಹೆಸರು ಹೇಳಿಯೇ ಬಳಸುತ್ತಿದ್ದರು. ಆ ಒಂದು ಸಲ ದೊಡ್ಡ ಸುದ್ದಿಯಾಗಿ, ಬೇರೆ ಆರೋಪಗಳೂ ಸೇರಿಕೊಂಡು, ಬೈಡನ್ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಣದಿಂದಲೇ ಹಿಂದೆ ಸರಿದರು. ಹೆಸರು ಹೇಳಲು ಹಿಡಿಯುವುದು ಎರಡು ಸೆಕೆಂಡ್.

ಕೊನೆಯಲ್ಲಿ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ?

"ಗೊತ್ತಿಲ್ಲ" ಅನ್ನಿ. ಸಾಧ್ಯವಾದರೆ ತಿಳಿದು ಹೇಳುತ್ತೇನೆ ಅನ್ನಿ, ಆಮೇಲೆ ನಿಜವಾಗಿಯೂ ತಿಳಿಸಿ. ಪ್ರಶ್ನೆಯ ನೆಪದಲ್ಲಿ ಇನ್ನೊಂದು ಭಾಷಣ ಮಾಡುವವರು ಎಲ್ಲ ಸಭೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ನಿಲ್ಲಿಸುವುದು ನಿರೂಪಕರ ಕೆಲಸ, ನಿಮ್ಮದಲ್ಲ.

ಮುಗಿಸುವುದು ಹೇಗೆ?

"ಕೊನೆಯದಾಗಿ ಒಂದು ಮಾತು" ಅಂದಮೇಲೆ ಒಂದೇ ಮಾತು ಹೇಳಿ. ಮೂರು ಸಲ ಕೊನೆಯದಾಗಿ ಅಂದವರನ್ನು ನಾನು ಎಣಿಸಿದ್ದೇನೆ. ಮೊದಲ ಸಲ ಜನ ಚಪ್ಪಲಿ ಹುಡುಕಿದರು, ಎರಡನೇ ಸಲ ನಿಟ್ಟುಸಿರು ಬಿಟ್ಟರು, ಮೂರನೇ ಸಲ ಎದ್ದೇ ಹೋದರು. ಮೊದಲೇ ಗೊತ್ತು ಮಾಡಿಕೊಂಡ ಆ ಒಂದು ವಾಕ್ಯವನ್ನು ಇನ್ನೊಮ್ಮೆ ಹೇಳಿ, ದನಿ ಕೆಳಗಿಳಿಸಿ, ನಿಲ್ಲಿಸಿ. ಸಮಯ ಮೀರಿದ್ದರೆ ಮಧ್ಯದ್ದನ್ನು ಬಿಡಿ, ಕೊನೆಯದನ್ನು ಬಿಡಬೇಡಿ. ಮೊದಲು ಕೇಳಿದ್ದು, ಕೊನೆಗೆ ಕೇಳಿದ್ದು ಜಾಸ್ತಿ ನೆನಪಿರುತ್ತದೆ, ನಡುವಿನದ್ದು ಮಸುಕಾಗುತ್ತದೆ.

ಭಾಷಣ ಕೆಟ್ಟುಹೋಯಿತು. ಈಗೇನು ಮಾಡಲಿ?

ಎರಡು ದಿನ ಬಿಟ್ಟು ರೆಕಾರ್ಡಿಂಗ್ ಕೇಳಿ. ನಮ್ಮ ದನಿ ನಮಗೇ ಅಪರಿಚಿತ ಅನ್ನಿಸುತ್ತದೆ, ಯಾಕೆಂದರೆ ಮಾತಾಡುವಾಗ ತಲೆಯ ಮೂಳೆಯ ಮೂಲಕವೂ ನಮಗೆ ಕೇಳಿಸುತ್ತಿರುತ್ತದೆ. ಅದಕ್ಕೆ ಹೆದರಬೇಡಿ. ಇಡೀ ಭಾಷಣ ಸರಿಮಾಡಲು ಹೋಗದೆ ಒಂದೇ ಒಂದು ತಪ್ಪು ಹುಡುಕಿ. ನನ್ನ ಮೊದಲ ರೆಕಾರ್ಡಿಂಗಿನಲ್ಲಿ ಹನ್ನೆರಡು ನಿಮಿಷಕ್ಕೆ 41 ಸಲ "ಅಂದರೆ" ಅಂದಿದ್ದೆ. ಅದೊಂದನ್ನೇ ಹಿಡಿದುಕೊಂಡು ಒಂದು ವರ್ಷ ಕಳೆದೆ. ಈಗಲೂ ಬರುತ್ತದೆ. ಹೋದ ಸಲ ಎಣಿಸಿದಾಗ ಆರು ಇತ್ತು.